ಚಿತ್ರಗಳನ್ನಲ್ಲ, ಜನರನ್ನು ಎಣಿಸಿ: ಎಂಆರ್‌ಐ ಮತ್ತು ಎಐ ಬಳಸಿ ಆಲ್ಝೈಮರ್ಸ್ ಗುರುತಿಸುವ ಪ್ರಾಜೆಕ್ಟ್‌ಗೆ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆ ವರ್ಷದವರು ಪ್ರಾಜೆಕ್ಟ್ ಆರಿಸುವಾಗ ‘ಎಂಆರ್‌ಐ ನೋಡಿ ಆಲ್ಝೈಮರ್ಸ್ ಗುರುತಿಸುವ ಎಐ’ ಅನ್ನುವ ವಿಷಯ ಮತ್ತೆ ಮತ್ತೆ ಬರುತ್ತದೆ. ಬರಬೇಕಾದ ವಿಷಯವೇ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ ಅಂದಾಜು ಮಾಡಿತು. ನೆನಪು, ಯೋಚನೆಯ ಶಕ್ತಿ ಕುಂದುತ್ತಾ ಹೋಗುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಅದರ ಅತಿ ಸಾಮಾನ್ಯ ಕಾರಣ ಆಲ್ಝೈಮರ್ಸ್. ‘ವಯಸ್ಸಾಯ್ತು, ಮರೆವು ಬಂತು’ ಎಂದು ಮನೆಯವರು ಸುಮ್ಮನಾಗುವುದೇ ಜಾಸ್ತಿ. ಹಾಗಾಗಿ ಈ ಕೆಲಸಕ್ಕೆ ಕೈ ಹಾಕುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಖುಷಿ.

ಆದರೆ ಪ್ರಾಜೆಕ್ಟ್ ವರದಿಯಲ್ಲಿ ಶೇಕಡಾ 98, 99 ಅಕ್ಯುರೆಸಿ ಕಂಡರೆ ಆತಂಕ ಶುರುವಾಗುತ್ತದೆ. ಬಹಳಷ್ಟು ಸಲ ಆ ಮಾಡೆಲ್ ಕಾಯಿಲೆಯನ್ನು ಗುರುತಿಸಿರುವುದಿಲ್ಲ, ಮೊದಲೇ ನೋಡಿದ ತಲೆಗಳನ್ನು ಗುರುತಿಸಿರುತ್ತದೆ. ಇದು ಹೇಗೆ ಆಗುತ್ತದೆ, ತಪ್ಪಿಸುವುದು ಹೇಗೆ ಅನ್ನುವುದೇ ಈ ಬರಹದ ಮುಖ್ಯ ವಿಷಯ. ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು. ಮೆದುಳಿನ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ.

ಹಂತ 1: ಮೊದಲು ಕಾಯಿಲೆ, ಆಮೇಲೆ ಕೋಡ್

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಈ ಕಾಯಿಲೆಯನ್ನು ಮೊದಲ ಬಾರಿಗೆ ವೈದ್ಯರ ಸಭೆಯೊಂದರಲ್ಲಿ ವಿವರಿಸಿದರು. ತೀರಿಕೊಂಡ ಒಬ್ಬ ಹೆಂಗಸಿನ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಏನೋ ಶೇಖರವಾಗಿತ್ತು, ಒಳಗೆ ನಾರುಗಳು ಸಿಕ್ಕುಗಟ್ಟಿದ್ದವು. ಹೊರಗಿನದು ಅಮೈಲಾಯ್ಡ್, ಒಳಗಿನದು ಟಾವ್ ಎಂಬ ಪ್ರೋಟೀನ್ ಎಂದು ತಿಳಿಯಲು ಎಷ್ಟೋ ದಶಕಗಳು ಬೇಕಾದವು.

ನಿಮ್ಮ ಪ್ರಾಜೆಕ್ಟ್‌ಗೆ ಇದರಲ್ಲಿ ಮುಖ್ಯವಾದದ್ದು ಒಂದು ವಿಷಯ. ಮಾಮೂಲಿ ಎಂಆರ್‌ಐನಲ್ಲಿ ಅಮೈಲಾಯ್ಡ್ ಕಾಣುವುದಿಲ್ಲ, ಟಾವ್ ಕಾಣುವುದಿಲ್ಲ. ಕಾಣುವುದು ಅವುಗಳ ಜೊತೆಗೆ ಬರುವ ಹಾನಿ. ಅಂದರೆ ಮೆದುಳು ಕುಗ್ಗುವುದು. ಆಲ್ಝೈಮರ್ಸ್‌ನಲ್ಲಿ ಇದು ಸಾಮಾನ್ಯವಾಗಿ ಕಿವಿಯ ಮಟ್ಟದಲ್ಲಿ, ತಲೆಯ ಒಳಭಾಗಕ್ಕಿರುವ ಎಂಟೊರೈನಲ್ ಕಾರ್ಟೆಕ್ಸ್ ಮತ್ತು ಹಿಪ್ಪೊಕ್ಯಾಂಪಸ್‌ನಲ್ಲಿ ಶುರುವಾಗುತ್ತದೆ. ಹೊಸ ನೆನಪುಗಳನ್ನು ಗಟ್ಟಿ ಮಾಡುವ ಜಾಗ ಅದು. ಹಿಪ್ಪೊಕ್ಯಾಂಪಸ್ ಒಂದೊಂದು ಕಡೆಗೆ ಸುಮಾರು 3ರಿಂದ 4 ಮಿಲಿಲೀಟರ್ ಇರುತ್ತದೆ. ಆರೋಗ್ಯವಂತ ಹಿರಿಯರಲ್ಲೂ ಅದು ವರ್ಷಕ್ಕೆ ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ. ಆಲ್ಝೈಮರ್ಸ್ ಇದ್ದವರಲ್ಲಿ ಅದರ ಮೂರು ಪಟ್ಟು ವೇಗ. ಮೆದುಳು ಕುಗ್ಗಿದಂತೆ ಒಳಗಿನ ನೀರಿನ ಕೋಣೆಗಳು, ಅಂದರೆ ವೆಂಟ್ರಿಕಲ್‌ಗಳು ಹಿಗ್ಗುತ್ತವೆ. ರೇಡಿಯಾಲಜಿ ಡಾಕ್ಟರುಗಳು ಈ ಕುಗ್ಗುವಿಕೆಗೆ ಕಣ್ಣಳತೆಯಲ್ಲೇ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಶೆಲ್ಟನ್ಸ್ ಅಳತೆ ಎಂದು ಅದಕ್ಕೆ ಹೆಸರು. ಯಾವ ಕಂಪ್ಯೂಟರೂ ಬೇಡದ ಈ ಪದ್ಧತಿ 1992ರಿಂದ ಬಳಕೆಯಲ್ಲಿದೆ. ನಿಮ್ಮ ಮಾಡೆಲ್ ಹೋಲಿಸಿಕೊಳ್ಳಬೇಕಾದದ್ದು ಇದರ ಜೊತೆ.

ಪೆಟ್ ಸ್ಕ್ಯಾನ್ ಬೇರೆ ಬಗೆಯದು. ಎಫ್‌ಡಿಜಿ ಪೆಟ್‌ನಲ್ಲಿ ಮೆದುಳಿನ ಯಾವ ಭಾಗ ಸಕ್ಕರೆಯನ್ನು ಕಡಿಮೆ ಬಳಸುತ್ತಿದೆ ಎಂದು ಗೊತ್ತಾಗುತ್ತದೆ. ಅಮೈಲಾಯ್ಡ್ ಪೆಟ್, ಟಾವ್ ಪೆಟ್ ಆ ಪ್ರೋಟೀನುಗಳನ್ನೇ ತೋರಿಸುತ್ತವೆ. ಅಮೆರಿಕದ ಎಫ್‌ಡಿಎ 2012ರಲ್ಲಿ ಅಮೈಲಾಯ್ಡ್ ಪೆಟ್‌ನ ಔಷಧಕ್ಕೆ, 2020ರಲ್ಲಿ ಟಾವ್ ಪೆಟ್‌ನದಕ್ಕೆ ಒಪ್ಪಿಗೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಇದೇ ಅಮೈಲಾಯ್ಡ್‌ನ ಸುಳಿವು ಕೊಡುವ ಒಂದು ರಕ್ತ ಪರೀಕ್ಷೆಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಬರೀ ಎಂಆರ್‌ಐ ನೋಡುವ ನಿಮ್ಮ ಮಾಡೆಲ್ ‘ಆಲ್ಝೈಮರ್ಸ್ ಖಚಿತ’ ಎಂದು ಹೇಳಲು ಬರುವುದಿಲ್ಲ. ‘ಆಲ್ಝೈಮರ್ಸ್‌ನಲ್ಲಿ ಕಾಣುವಂಥ ಕುಗ್ಗುವಿಕೆ ಇದೆ’ ಎಂದಷ್ಟೇ ಹೇಳಬಹುದು. ವರದಿಯ ಮೊದಲ ಪುಟದಲ್ಲೇ ಇದನ್ನು ಬರೆಯಿರಿ.

ಇನ್ನೊಂದು ಮಾತು. ಮರೆವಿನ ರೋಗಿಗೆ ಡಾಕ್ಟರು ಸ್ಕ್ಯಾನ್ ಬರೆದುಕೊಡುವುದಕ್ಕೆ ಮೊದಲ ಕಾರಣ ಆಲ್ಝೈಮರ್ಸ್ ಹುಡುಕುವುದಲ್ಲ. ಬೇರೆ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಕಟ್ಟಿರಬಹುದು. ಗಡ್ಡೆ ಇರಬಹುದು. ನೀರು ತುಂಬಿಕೊಂಡಿರಬಹುದು. ಸಣ್ಣ ಸಣ್ಣ ಪಾರ್ಶ್ವವಾಯುಗಳಾಗಿರಬಹುದು. ಜೊತೆಗೆ ರಕ್ತದಲ್ಲಿ ಬಿ12, ಥೈರಾಯ್ಡ್ ನೋಡುತ್ತಾರೆ. ಖಿನ್ನತೆ ಇದೆಯಾ ವಿಚಾರಿಸುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಸಿಕ್ಕರೆ ಮರೆವು ಕಡಿಮೆಯಾಗುತ್ತದೆ. ‘ಆರೋಗ್ಯ’ ಮತ್ತು ‘ಆಲ್ಝೈಮರ್ಸ್’ ಎಂಬ ಎರಡೇ ಡಬ್ಬಿ ಇಟ್ಟುಕೊಂಡ ಮಾಡೆಲ್ ಇಂಥ ರೋಗಿ ಬಂದರೂ ಎರಡರಲ್ಲಿ ಒಂದಕ್ಕೆ ಹಾಕುತ್ತದೆ. ಇದು ಸಣ್ಣ ವಿಷಯವಲ್ಲ.

ಹಂತ 2: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಆರೋಗ್ಯವಂತರನ್ನೂ ಕಾಯಿಲೆ ಸ್ಪಷ್ಟವಾಗಿರುವವರನ್ನೂ ಬೇರ್ಪಡಿಸುವುದು ಸುಲಭದ ಪ್ರಶ್ನೆ. ಅದರಿಂದ ಉಪಯೋಗವೂ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಮನೆಯವರಿಗೇ ಗೊತ್ತಾಗಿರುತ್ತದೆ. ಸ್ವಲ್ಪ ಮರೆವು ಶುರುವಾದವರಲ್ಲಿ ಯಾರಿಗೆ ಮುಂದೆ ಆಲ್ಝೈಮರ್ಸ್ ಬರುತ್ತದೆ ಎಂದು ಹೇಳುವುದು ನಿಜವಾಗಿ ಉಪಯುಕ್ತ, ಆದರೆ ಬಹಳ ಕಷ್ಟ. ವರ್ಷಗಟ್ಟಲೆ ಹಿಂಬಾಲಿಸಿದ ಡೇಟಾ ಬೇಕು.

ಕೊನೆ ವರ್ಷದ ಪ್ರಾಜೆಕ್ಟ್‌ಗೆ ನನ್ನ ಸಲಹೆ ಇಷ್ಟು: 60 ದಾಟಿದವರ ಎಂಆರ್‌ಐನಲ್ಲಿ ಹಿಪ್ಪೊಕ್ಯಾಂಪಸ್ ಅಳೆದು, ಡಿಮೆನ್ಷಿಯಾ ಇರುವವರಿಗೂ ಇಲ್ಲದವರಿಗೂ ಎಷ್ಟು ವ್ಯತ್ಯಾಸ ಸಿಗುತ್ತದೆ ನೋಡಿ. ಅಳತೆ ಕೊಡುವ ಉಪಕರಣವನ್ನು ಡಾಕ್ಟರು ಪರೀಕ್ಷಿಸಿ ನೋಡಬಲ್ಲರು. ‘ಇದೆ’, ‘ಇಲ್ಲ’ ಎಂದು ಮಾತ್ರ ಹೇಳುವ ಪೆಟ್ಟಿಗೆಯನ್ನು ಅವರು ಏನು ಮಾಡಬೇಕು ಹೇಳಿ?

ಹಂತ 3: ಡೇಟಾ ಎಲ್ಲಿಂದ, ಯಾರದ್ದು

ಅಡ್ನಿ ಎಂಬ ಅಮೆರಿಕದ ಯೋಜನೆ 2004ರಲ್ಲಿ ಶುರುವಾಯಿತು. ಎಂಆರ್‌ಐ, ಪೆಟ್, ರಕ್ತ, ನೆನಪಿನ ಪರೀಕ್ಷೆ ಎಲ್ಲವೂ ಅದರಲ್ಲಿವೆ. ಅರ್ಜಿ ಹಾಕಿ, ಷರತ್ತುಗಳಿಗೆ ಸಹಿ ಮಾಡಿ ಪಡೆಯಬೇಕು. ನಿಮ್ಮ ಗೈಡ್ ಹೆಸರಲ್ಲಿ ಬೇಗ ಅರ್ಜಿ ಹಾಕಿಸಿ.

ಕಲಿಯಲು ಓಯಸಿಸ್-1 ಸಾಕು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ್ದು. 18ರಿಂದ 96 ವರ್ಷದವರೆಗಿನ 416 ಜನರ ಸ್ಕ್ಯಾನ್ ಇದೆ. ಅವರಲ್ಲಿ 60 ದಾಟಿದ 100 ಜನರಿಗೆ ತೀರಾ ಸೌಮ್ಯದಿಂದ ಮಧ್ಯಮ ಮಟ್ಟದ ಆಲ್ಝೈಮರ್ಸ್ ಇದೆ. ಮಟ್ಟವನ್ನು ಸಿಡಿಆರ್ ಎಂಬ ಅಂಕದಲ್ಲಿ ಕೊಟ್ಟಿದ್ದಾರೆ. ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿಸಿ ಕೊಡುವ ಅಂಕ ಅದು. 0 ಅಂದರೆ ಏನೂ ಇಲ್ಲ, 0.5 ಅಂದರೆ ತೀರಾ ಸೌಮ್ಯ, 1 ಸೌಮ್ಯ, 2 ಮಧ್ಯಮ, 3 ತೀವ್ರ. ಓಯಸಿಸ್-1ರಲ್ಲಿ ಈ 100 ಜನರಲ್ಲಿ 70 ಜನ 0.5ರವರು, 28 ಜನ 1ರವರು, ಇಬ್ಬರು ಮಾತ್ರ 2ರವರು. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಳ್ಳಿ.

ಈಗ ವಿದ್ಯಾರ್ಥಿಗಳು ಅತಿ ಹೆಚ್ಚು ಇಳಿಸಿಕೊಳ್ಳುವ, ಕ್ಯಾಗಲ್ ಎಂಬ ಡೇಟಾ ಹಂಚಿಕೆ ಜಾಲತಾಣದ ಡೇಟಾಸೆಟ್‌ಗೆ ಬನ್ನಿ. ನಾಲ್ಕು ಫೋಲ್ಡರ್, ಒಟ್ಟು 6,400 ಚಿತ್ರ. ಕಾಯಿಲೆ ಇಲ್ಲದ್ದು 3,200, ತೀರಾ ಸೌಮ್ಯ 2,240, ಸೌಮ್ಯ 896, ಮಧ್ಯಮ 64. ಯಾವ ಚಿತ್ರ ಯಾರದ್ದು ಎಂಬ ಗುರುತು ಅದರಲ್ಲಿ ಸಿಗುವುದಿಲ್ಲ. ಈ ನಾಲ್ಕು ಅಂಕಿಗಳನ್ನೂ 32ರಿಂದ ಭಾಗಿಸಿ ನೋಡಿ. 100, 70, 28, 2. ಕೊನೆಯ ಮೂರು ಓಯಸಿಸ್-1ರ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಇದನ್ನು ಆಕಸ್ಮಿಕ ಎಂದು ನಂಬುವುದು ನನಗೆ ಕಷ್ಟ. ಒಬ್ಬೊಬ್ಬರ ತಲೆಯಿಂದ 32 ಸ್ಲೈಸ್, ಅಂದರೆ ಬ್ರೆಡ್ಡಿನ ಹೋಳಿನಂಥ ಅಡ್ಡ ಪದರದ ಚಿತ್ರ ತೆಗೆದು ಫೋಲ್ಡರ್‌ಗೆ ಹಾಕಿದರೆ ಬರುವ ಲೆಕ್ಕ ಇದೇ. ಹಾಗಾದರೆ 6,400 ಚಿತ್ರ ಅಂದರೆ 200 ಜನ. ‘ಮಧ್ಯಮ’ ಎಂಬ ಇಡೀ ವರ್ಗ ಅಂದರೆ ಇಬ್ಬರು ಮನುಷ್ಯರು. ಇಬ್ಬರನ್ನು ನೋಡಿ ಕಲಿತ ಮಾಡೆಲ್ ಮೂರನೆಯವರ ಬಗ್ಗೆ ಏನು ಹೇಳಬಲ್ಲದು?

ಆದ್ದರಿಂದ ಕ್ಯಾಗಲ್‌ನ ಚಿತ್ರ ಬಿಟ್ಟುಬಿಡಿ. ಓಯಸಿಸ್-1 ಅನ್ನು ಮೂಲ ಜಾಗದಿಂದಲೇ ಇಳಿಸಿಕೊಳ್ಳಿ. ಪ್ರತಿ ಸ್ಕ್ಯಾನ್‌ಗೂ ವ್ಯಕ್ತಿಯ ಸಂಖ್ಯೆ, ವಯಸ್ಸು, ಓದು, ಸಿಡಿಆರ್ ಎಲ್ಲ ಇರುವ ಪಟ್ಟಿ ಸಿಗುತ್ತದೆ.

ಇಲ್ಲಿ ಇನ್ನೊಂದು ಬಲೆ ಇದೆ. 416 ಜನರನ್ನೂ ಹಾಕಿ, 100 ಜನ ರೋಗಿಗಳು, ಉಳಿದ 316 ಜನ ಆರೋಗ್ಯವಂತರು ಎಂದು ಕಲಿಸಿದರೆ ಅಂಕ ಬಹಳ ಚೆನ್ನಾಗಿ ಬರುತ್ತದೆ. ಏಕೆಂದರೆ 316ರಲ್ಲಿ ಹೆಚ್ಚಿನವರು 60ರೊಳಗಿನವರು. ಮಾಡೆಲ್ ವಯಸ್ಸನ್ನು ಕಲಿಯುತ್ತದೆ, ಕಾಯಿಲೆಯನ್ನಲ್ಲ. 20 ವರ್ಷದವರ ಮೆದುಳಿಗೂ 75ರವರ ಮೆದುಳಿಗೂ ಇರುವ ವ್ಯತ್ಯಾಸ ನೋಡಲು ಎಐ ಬೇಕಾಗಿಲ್ಲ ಅಲ್ವಾ? 60 ದಾಟಿದವರನ್ನು ಮಾತ್ರ ಇಟ್ಟುಕೊಳ್ಳಿ. ಆಗ 98 ಜನ ಕಾಯಿಲೆ ಇಲ್ಲದವರು, 100 ಜನ ಇರುವವರು. ಒಟ್ಟು 198. ಚಿಕ್ಕ ಸಂಖ್ಯೆ. ಆದರೆ ನಿಜವಾದ ಸಂಖ್ಯೆ.

ಹಂತ 4: ವ್ಯಕ್ತಿಯ ಪ್ರಕಾರ ಬೇರ್ಪಡಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದ್ದರೆ ಇದನ್ನು ಓದಿ.

ಒಬ್ಬ ವ್ಯಕ್ತಿಯ ಪಕ್ಕಪಕ್ಕದ ಎರಡು ಸ್ಲೈಸ್‌ಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ. ತಲೆಬುರುಡೆಯ ಆಕಾರ, ಮೆದುಳಿನ ಮಡಿಕೆಗಳ ವಿನ್ಯಾಸ, ಎಲ್ಲ ಹೆಚ್ಚುಕಡಿಮೆ ಒಂದೇ. ಚಿತ್ರಗಳನ್ನೆಲ್ಲ ಕಲಸಿ 80 ಭಾಗ ಕಲಿಕೆಗೆ, 20 ಭಾಗ ಪರೀಕ್ಷೆಗೆ ಎಂದು ಹಂಚಿದರೆ ಒಬ್ಬರದೇ 14 ಮತ್ತು 16ನೇ ಸ್ಲೈಸ್ ಕಲಿಕೆಗೆ ಹೋಗುತ್ತವೆ, 15ನೆಯದು ಪರೀಕ್ಷೆಗೆ ಬರುತ್ತದೆ. ಮಾಡೆಲ್‌ಗೆ ಹಿಪ್ಪೊಕ್ಯಾಂಪಸ್ ಏನೆಂದು ಗೊತ್ತಾಗಬೇಕಾಗಿಲ್ಲ. ‘ಈ ತಲೆ ನೋಡಿದ್ದೇನೆ, ಇದರ ಲೇಬಲ್ ಸೌಮ್ಯ’ ಎಂದು ನೆನಪಿಟ್ಟರೆ ಸಾಕು. ಆ ಶೇಕಡಾ 99 ಬರುವುದು ಹೀಗೆ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಅದಕ್ಕೆ ಒಂದು ಮಧ್ಯಾಹ್ನ ಸಾಕು. 198 ಜನರಿಗೂ ನಾಣ್ಯ ಚಿಮ್ಮಿ ಸುಳ್ಳು ಲೇಬಲ್ ಕೊಡಿ. ಒಬ್ಬರ ಎಲ್ಲ ಸ್ಲೈಸ್‌ಗೂ ಅದೇ ಸುಳ್ಳು ಲೇಬಲ್ ಇರಲಿ. ಈಗ ಸ್ಲೈಸ್‌ಗಳನ್ನು ಕಲಸಿ ಹಂಚಿ ಕಲಿಸಿ. ಲೇಬಲ್‌ಗೂ ಕಾಯಿಲೆಗೂ ಸಂಬಂಧವೇ ಇಲ್ಲ, ಆದರೂ ಪರೀಕ್ಷೆಯಲ್ಲಿ ಅಂಕ 50ಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ನಂತರ ಅದೇ ಸುಳ್ಳು ಲೇಬಲ್ ಇಟ್ಟುಕೊಂಡು ಜನರನ್ನು ಬೇರ್ಪಡಿಸಿ ಹಂಚಿ. ಅಂಕ 50ರ ಆಸುಪಾಸಿಗೆ ಇಳಿಯುತ್ತದೆ. ಈ ಎರಡು ಅಂಕಗಳನ್ನು ವರದಿಯಲ್ಲಿ ಅಕ್ಕಪಕ್ಕ ಹಾಕಿ. ವೈವಾಕ್ಕೆ ಬರುವ ಪರೀಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪುಟ ನೀವು ತೋರಿಸಲಾರಿರಿ.

ಇದು ವಿದ್ಯಾರ್ಥಿಗಳದ್ದು ಮಾತ್ರ ತಪ್ಪಲ್ಲ. ಎಂಆರ್‌ಐನಿಂದ ಆಲ್ಝೈಮರ್ಸ್ ಗುರುತಿಸುವ ಡೀಪ್ ಲರ್ನಿಂಗ್ ಸಂಶೋಧನೆಗಳನ್ನು ಪರಿಶೀಲಿಸಿದ 2020ರ ಒಂದು ಸಮೀಕ್ಷೆ, ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳಲ್ಲಿ ಹೀಗೆ ಡೇಟಾ ಸೋರಿರುವ ಸಾಧ್ಯತೆ ಇದೆ ಎಂದಿತು. ಪ್ರಕಟವಾದ ಪ್ರಬಂಧದಲ್ಲಿ 99 ಇದೆ, ನಮ್ಮದು 78 ಬಂತು ಎಂದು ಕುಗ್ಗಬೇಡಿ.

ಮಾಡುವ ವಿಧಾನ ಸರಳ. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಸ್ಟ್ರಾಟಿಫೈಡ್ ಗ್ರೂಪ್ ಕೆ-ಫೋಲ್ಡ್ ಎಂಬ ಸೌಲಭ್ಯವಿದೆ. ಗುಂಪು ಅನ್ನುವ ಜಾಗಕ್ಕೆ ವ್ಯಕ್ತಿಯ ಸಂಖ್ಯೆ ಕೊಡಿ. ಐದು ಭಾಗ ಮಾಡಿ, ಸರದಿಯಂತೆ ಒಂದೊಂದನ್ನು ಪರೀಕ್ಷೆಗೆ ಇಟ್ಟು ಉಳಿದ ನಾಲ್ಕರಲ್ಲಿ ಕಲಿಸಿ. ಒಬ್ಬರ ಎರಡನೇ ಭೇಟಿಯ ಸ್ಕ್ಯಾನ್ ಇದ್ದರೆ ಅದೂ ಅವರ ಗುಂಪಿನಲ್ಲೇ ಇರಲಿ. ಚಿತ್ರ ತಿರುಗಿಸಿ, ಹಿಗ್ಗಿಸಿ ಸಂಖ್ಯೆ ಹೆಚ್ಚಿಸುವ ಕೆಲಸವನ್ನು ಹಂಚಿದ ಮೇಲೆ, ಕಲಿಕೆಯ ಭಾಗಕ್ಕೆ ಮಾತ್ರ ಮಾಡಿ. ಯಾವ ಫೀಚರ್ ಇಟ್ಟುಕೊಳ್ಳಬೇಕು ಎಂದು ಆರಿಸುವುದೂ ಕಲಿಕೆಯ ಭಾಗದೊಳಗೇ ನಡೆಯಬೇಕು. ಎಷ್ಟು ಸುತ್ತು ಕಲಿಸಬೇಕು ಎಂದು ಪರೀಕ್ಷೆಯ ಭಾಗ ನೋಡಿ ತೀರ್ಮಾನಿಸಿದರೆ ಅದೂ ಸೋರಿಕೆಯೇ. ಅದಕ್ಕೆ ಕಲಿಕೆಯ ಜನರಲ್ಲೇ ಕೆಲವರನ್ನು ಬೇರೆ ತೆಗೆದಿಡಿ.

ಹಂತ 5: ಸ್ಕ್ಯಾನ್ ಸಿದ್ಧ ಮಾಡುವುದು

ಆಸ್ಪತ್ರೆಯ ಸ್ಕ್ಯಾನ್ ಡೈಕಾಮ್ ರೂಪದಲ್ಲಿ ಬರುತ್ತದೆ, ಒಂದು ಸ್ಲೈಸ್‌ಗೆ ಒಂದು ಫೈಲ್. ಡಿಸಿಎಂ2ನಿಕ್ಸ್ ಎಂಬ ಉಚಿತ ಉಪಕರಣ ಅದನ್ನು ಒಂದೇ ನಿಫ್ಟಿ ಫೈಲ್ ಮಾಡುತ್ತದೆ. ಸಾಮಾನ್ಯವಾಗಿ ನಂತರ ಮೂರು ಕೆಲಸ. ಕಾಂತ ಕ್ಷೇತ್ರದ ಏರುಪೇರಿನಿಂದ ಒಂದು ಕಡೆ ಬೆಳ್ಳಗೆ, ಒಂದು ಕಡೆ ಕಪ್ಪಗೆ ಬಂದಿರುವುದನ್ನು ಎನ್4 ವಿಧಾನದಿಂದ ಸರಿ ಮಾಡುವುದು. ತಲೆಬುರುಡೆ, ಚರ್ಮ ತೆಗೆದು ಮೆದುಳು ಮಾತ್ರ ಉಳಿಸುವುದು. ಎಲ್ಲರ ಮೆದುಳನ್ನೂ ಒಂದೇ ನಕ್ಷೆಗೆ ಕೂರಿಸುವುದು. ಓಯಸಿಸ್-1ರಲ್ಲಿ ಈ ಮೂರೂ ಮುಗಿದ ಪ್ರತಿ ಪ್ರತಿಯೊಬ್ಬರ ಫೋಲ್ಡರ್‌ನಲ್ಲೇ ಸಿಗುತ್ತದೆ. ಮೊದಲ ಪ್ರಯತ್ನಕ್ಕೆ ಅದನ್ನೇ ಬಳಸಿ.

ಹಿಪ್ಪೊಕ್ಯಾಂಪಸ್ ಅಳೆಯಲು ಫ್ರೀಸರ್ಫರ್ ಹಳೆಯ, ನಂಬಿಕಸ್ಥ ಉಪಕರಣ. ಒಬ್ಬರ ಸ್ಕ್ಯಾನ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಜಿಪಿಯು ಇದ್ದರೆ ಫಾಸ್ಟ್‌ಸರ್ಫರ್‌ನ ಭಾಗ ಗುರುತಿಸುವ ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ಲ್ಯಾಬ್‌ನಲ್ಲಿ ಜಿಪಿಯು ಇಲ್ಲದವರಿಗೆ ಗೂಗಲ್ ಕೊಲ್ಯಾಬ್ ಇದೆ. ಬಂದ ಅಳತೆಯನ್ನು ಹಾಗೇ ಬಳಸಬೇಡಿ. ದೊಡ್ಡ ತಲೆಯವರ ಹಿಪ್ಪೊಕ್ಯಾಂಪಸ್ ದೊಡ್ಡದೇ ಇರುತ್ತದೆ. ತಲೆಯೊಳಗಿನ ಒಟ್ಟು ಗಾತ್ರದಿಂದ ಭಾಗಿಸಿ.

ಪ್ರತಿ ಸ್ಕ್ಯಾನ್ ಅನ್ನೂ ಕಣ್ಣಿಂದ ನೋಡಿ. 198 ಅಷ್ಟೇ ತಾನೇ? ನಾಲ್ಕು ಜನರ ತಂಡದಲ್ಲಿ ತಲಾ 50. ಬುರುಡೆ ತೆಗೆಯುವಾಗ ಮೆದುಳಿನ ಒಂದು ಚೂರೂ ಹೋಗಿರಬಹುದು. ತಲೆ ಅಲುಗಾಡಿ ಚಿತ್ರ ಮಸುಕಾಗಿರಬಹುದು. ಕಾಯಿಲೆ ಇರುವವರು ಯಂತ್ರದೊಳಗೆ ಅಲುಗಾಡುವುದು ಜಾಸ್ತಿ. ಆಗ ಮಾಡೆಲ್ ಮಸುಕನ್ನೇ ಕಾಯಿಲೆ ಎಂದು ಕಲಿಯುತ್ತದೆ.

ಹಂತ 6: ಸರಳ ಮಾಡೆಲ್ ಮೊದಲು

ಡೀಪ್ ಲರ್ನಿಂಗ್ ಮುಟ್ಟುವ ಮೊದಲು ಮೂರೇ ಅಂಕಿ ತೆಗೆದುಕೊಳ್ಳಿ: ವಯಸ್ಸು, ತಲೆಯ ಗಾತ್ರಕ್ಕೆ ಹೊಂದಿಸಿದ ಹಿಪ್ಪೊಕ್ಯಾಂಪಸ್ ಅಳತೆ, ಒಟ್ಟು ಮೆದುಳಿನ ಅಳತೆ. ಲಾಜಿಸ್ಟಿಕ್ ರಿಗ್ರೆಷನ್ ಓಡಿಸಿ. ಬಂದ ಅಂಕ ನಿಮ್ಮ ಅಡಿಪಾಯ. ಮೇಲೆ ಹೇಳಿದ 2020ರ ಸಮೀಕ್ಷೆ ಮಾಡಿದವರೇ ತಮ್ಮ ಪ್ರಯೋಗದಲ್ಲಿ ಡೀಪ್ ಲರ್ನಿಂಗ್ ಮಾಡೆಲ್‌ಗಳು ಎಸ್‌ವಿಎಂ ಎಂಬ ಹಳೆಯ, ಸರಳ ವಿಧಾನಕ್ಕಿಂತ ಮೇಲೇನೂ ಮಾಡಲಿಲ್ಲ ಎಂದು ಕಂಡುಕೊಂಡರು. ಸಣ್ಣ ಡೇಟಾದಲ್ಲಿ ಸರಳ ಮಾಡೆಲ್ ಗೆಲ್ಲುವುದು ಅವಮಾನವಲ್ಲ.

ಪಟ್ಟಿಯಲ್ಲಿ ಎಂಎಂಎಸ್‌ಇ ಎಂಬ ನೆನಪಿನ ಪರೀಕ್ಷೆಯ ಅಂಕವೂ ಇರುತ್ತದೆ. ಅದನ್ನು ಮಾಡೆಲ್‌ಗೆ ಕೊಡಬೇಡಿ. ಮರೆವು ಎಷ್ಟಿದೆ ಎಂದು ಮೊದಲೇ ಹೇಳಿಕೊಟ್ಟು, ಮರೆವಿನ ಕಾಯಿಲೆ ಇದೆಯಾ ಎಂದು ಕೇಳಿದ ಹಾಗಾಗುತ್ತದೆ.

ಡೀಪ್ ಲರ್ನಿಂಗ್ ಮಾಡಲೇಬೇಕೆಂದರೆ ಮೊನಾಯ್ ಎಂಬ ಪೈಟಾರ್ಚ್ ಆಧಾರಿತ ಲೈಬ್ರರಿ ಇದೆ. ಇಡೀ ಮೆದುಳನ್ನು ಮೂರು ಆಯಾಮದಲ್ಲಿ ತೆಗೆದುಕೊಳ್ಳುವ ಸಣ್ಣ ರೆಸ್‌ನೆಟ್ ಸಾಕು. ಮೆಮೊರಿ ಸಾಲದಿದ್ದರೆ ಹಿಪ್ಪೊಕ್ಯಾಂಪಸ್ ಸುತ್ತಲಿನ ಭಾಗ ಮಾತ್ರ ಕತ್ತರಿಸಿ ಕೊಡಿ.

ಹಂತ 7: ಅಂಕಿಗಳನ್ನು ಸರಿಯಾಗಿ ಹೇಳುವುದು

198 ಜನರಲ್ಲಿ ಶೇಕಡಾ 80 ಸರಿ ಬಂತು ಅಂದುಕೊಳ್ಳಿ. ಅಷ್ಟು ಸಣ್ಣ ಸಂಖ್ಯೆಯಲ್ಲಿ ನಿಜವಾದ ಬೆಲೆ 74ರಿಂದ 86ರ ನಡುವೆ ಎಲ್ಲಾದರೂ ಇರಬಹುದು. ಆ ವ್ಯಾಪ್ತಿಯನ್ನೂ ಬರೆಯಿರಿ. ಐದು ಭಾಗದಲ್ಲಿ ಒಂದೊಂದರಲ್ಲಿ ಸುಮಾರು 40 ಜನ. ಒಬ್ಬರು ಆಚೀಚೆ ಆದರೆ ಶೇಕಡಾ 2.5 ಬದಲಾಗುತ್ತದೆ. ಹಾಗಾಗಿ ‘ನಮ್ಮ ಮಾಡೆಲ್ ಅವರದ್ದಕ್ಕಿಂತ ಶೇಕಡಾ 1 ಮೇಲು’ ಎಂಬ ಮಾತಿಗೆ ಅರ್ಥವಿಲ್ಲ.

ಕಾಯಿಲೆ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯಿತು, ಇಲ್ಲದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟಿತು ಎಂದು ಬೇರೆ ಬೇರೆ ಹೇಳಿ. ಇದು ಯಾಕೆ ಮುಖ್ಯ ಎಂದು ಮಂಡ್ಯದ ಲೆಕ್ಕದಲ್ಲೇ ನೋಡೋಣ. ಎರಡೂ ಕಡೆ ಶೇಕಡಾ 90 ಸರಿ ಹೇಳುವ ಬಹಳ ಒಳ್ಳೆಯ ಮಾಡೆಲ್ ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. ಮದ್ದೂರಿನಲ್ಲೋ ನಾಗಮಂಗಲದಲ್ಲೋ 60 ದಾಟಿದ 1,000 ಜನರಿಗೆ ಹಾಗೇ ತಪಾಸಣೆ ಮಾಡಿದಿರಿ. ದೇಶದ ಸರಾಸರಿಯಂತೆ ಅವರಲ್ಲಿ 74 ಜನರಿಗೆ ಡಿಮೆನ್ಷಿಯಾ ಇರುತ್ತದೆ. ಮಾಡೆಲ್ 67 ಜನರನ್ನು ಹಿಡಿಯುತ್ತದೆ. ಉಳಿದ 926 ಜನರಲ್ಲಿ 93 ಜನರಿಗೆ ಇಲ್ಲದ ಕಾಯಿಲೆ ಇದೆ ಎನ್ನುತ್ತದೆ. ‘ಇದೆ’ ಎಂದು ಹೇಳಿಸಿಕೊಂಡ 160 ಜನರಲ್ಲಿ ನಿಜವಾಗಿ ಇರುವವರು ಅರ್ಧಕ್ಕಿಂತ ಕಡಿಮೆ. 93 ಮನೆಗಳಲ್ಲಿ ಸುಮ್ಸುಮ್ನೆ ಗಾಬರಿ. ಜಮೀನು ಯಾರ ಹೆಸರಿಗೆ ಬರೆಯಬೇಕು ಎಂಬ ಮಾತು ಶುರುವಾಗುವುದೂ ಇಂಥ ಹೊತ್ತಲ್ಲೇ.

ಅದೇ ಮಾಡೆಲ್ ಅನ್ನು ಆಸ್ಪತ್ರೆಯ ಮರೆವಿನ ಕ್ಲಿನಿಕ್‌ನಲ್ಲಿ, ಬರುವವರಲ್ಲಿ ಅರ್ಧ ಜನರಿಗೆ ಕಾಯಿಲೆ ಇರುವ ಕಡೆ ಬಳಸಿದರೆ, ‘ಇದೆ’ ಎಂದದ್ದರಲ್ಲಿ ಶೇಕಡಾ 90 ನಿಜ. ಮಾಡೆಲ್ ಬದಲಾಗಲಿಲ್ಲ, ಬಳಸಿದ ಜಾಗ ಬದಲಾಯಿತು. ಆದ್ದರಿಂದ ವರದಿಯಲ್ಲಿ ‘ಹಳ್ಳಿಹಳ್ಳಿಯಲ್ಲಿ ತಪಾಸಣೆಗೆ ಬಳಸಬಹುದು’ ಎಂದು ಬರೆಯಬೇಡಿ. ಡಾಕ್ಟರು ನೋಡಿದ ಮೇಲೆ, ಅವರಿಗೆ ಸಹಾಯಕ್ಕೆ ಎಂದು ಬರೆಯಿರಿ.

ಹಂತ 8: ಮಾಡೆಲ್ ಎಲ್ಲಿ ನೋಡುತ್ತಿದೆ

ಗ್ರ್ಯಾಡ್-ಕ್ಯಾಮ್ ಓಡಿಸಿದರೆ ಮಾಡೆಲ್ ಯಾವ ಭಾಗಕ್ಕೆ ಬೆಲೆ ಕೊಟ್ಟಿತು ಎಂಬ ಬಣ್ಣದ ಚಿತ್ರ ಬರುತ್ತದೆ. ಕಣ್ಣುಗುಡ್ಡೆ, ಕತ್ತಿನ ಚರ್ಮ, ಚಿತ್ರದ ಮೂಲೆ ಕೆಂಪಾಗಿದ್ದರೆ ಎಲ್ಲೋ ತಪ್ಪಿದೆ. ಹಿಪ್ಪೊಕ್ಯಾಂಪಸ್, ವೆಂಟ್ರಿಕಲ್ ಸುತ್ತ ಇದ್ದರೆ ಸಮಾಧಾನ, ಆದರೆ ಅದು ಸಾಕ್ಷಿಯಲ್ಲ. ಚೆನ್ನಾಗಿ ಬಂದ ನಾಲ್ಕು ಚಿತ್ರ ಆರಿಸಿ ವರದಿಗೆ ಹಾಕುವ ಬದಲು, ಮಾಡೆಲ್ ತಪ್ಪು ಹೇಳಿದ ಎಲ್ಲರದ್ದನ್ನೂ ಒಬ್ಬ ರೇಡಿಯಾಲಜಿ ಡಾಕ್ಟರ ಮುಂದಿಡಿ. ಅರ್ಧ ಗಂಟೆಯಲ್ಲಿ ಅವರು ಹೇಳುವುದನ್ನು ನೀವು ತಿಂಗಳು ಕೂತರೂ ಕಂಡುಹಿಡಿಯಲಾರಿರಿ.

ಹಂತ 9: ನಮ್ಮೂರ ಸ್ಕ್ಯಾನ್‌ಗಳ ಮೇಲೆ ಪರೀಕ್ಷಿಸುವುದು

ಓಯಸಿಸ್-1ರ ಸ್ಕ್ಯಾನ್‌ಗಳು 1.5 ಟೆಸ್ಲಾ ಕಾಂತ ಶಕ್ತಿಯ ಒಂದೇ ಮಾದರಿಯ ಯಂತ್ರದಲ್ಲಿ, ಅಮೆರಿಕದ ಜನರ ಮೇಲೆ ತೆಗೆದವು. ಅದರಲ್ಲಿ ಕಲಿತ ಮಾಡೆಲ್ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ನೋಡದೆ ಏನೂ ಹೇಳಲಾಗದು.

ಮೊದಲ ತೊಡಕು ಸ್ಕ್ಯಾನ್‌ನ ಬಗೆ. ಸಂಶೋಧನೆಯಲ್ಲಿ ಬಳಸುವುದು ಒಂದೂಕಾಲು ಮಿಲಿಮೀಟರ್ ಒಳಗಿನ ತೆಳು ಸ್ಲೈಸ್‌ನ, ಮೆದುಳಿನ ರಚನೆ ಚೆನ್ನಾಗಿ ಕಾಣುವ ತ್ರೀಡಿ ಟಿ1 ಬಗೆಯ ಸ್ಕ್ಯಾನ್. ಮಾಮೂಲಿ ಮೆದುಳಿನ ಎಂಆರ್‌ಐನಲ್ಲಿ 5 ಮಿಲಿಮೀಟರ್ ದಪ್ಪದ ಸ್ಲೈಸ್‌ಗಳೇ ಜಾಸ್ತಿ. ಅಷ್ಟು ದಪ್ಪದಲ್ಲಿ ಹಿಪ್ಪೊಕ್ಯಾಂಪಸ್ ಕೆಲವೇ ಸ್ಲೈಸ್‌ಗಳಲ್ಲಿ ಮುಗಿದುಹೋಗುತ್ತದೆ. ರೇಡಿಯಾಲಜಿ ವಿಭಾಗದವರನ್ನು ಕೇಳುವಾಗ ‘ತ್ರೀಡಿ ಟಿ1 ಇದೆಯಾ’ ಎಂದೇ ಕೇಳಿ. ಸೀಮೆನ್ಸ್ ಯಂತ್ರದಲ್ಲಿ ಅದನ್ನು ಎಂಪಿರೇಜ್ ಎನ್ನುತ್ತಾರೆ, ಜಿಇಯಲ್ಲಿ ಬ್ರಾವೋ. ಅದು ಇಲ್ಲದಿದ್ದರೆ ಫ್ರೀಸರ್ಫರ್ ಜೊತೆ ಬರುವ ಸಿಂಥ್‌ಸೆಗ್ ಬಳಸಿ ನೋಡಿ. ದಪ್ಪ ಸ್ಲೈಸ್‌ನಲ್ಲೂ, ಬೇರೆ ಬಗೆಯ ಸ್ಕ್ಯಾನ್‌ನಲ್ಲೂ ಭಾಗಗಳನ್ನು ಗುರುತಿಸಲೆಂದೇ ಮಾಡಿದ್ದು ಅದು.

ಎರಡನೆಯದು ಅನುಮತಿ. ಪರಿಚಯದ ಟೆಕ್ನೀಷಿಯನ್ ಹತ್ತಿರ ಪೆನ್‌ಡ್ರೈವ್‌ನಲ್ಲಿ ಸ್ಕ್ಯಾನ್ ತರುವುದು ಬೇಡವೇ ಬೇಡ. ಮೈಸೂರು ಮೆಡಿಕಲ್ ಕಾಲೇಜು, ಜೆಎಸ್‌ಎಸ್, ಮಂಡ್ಯದ ಮಿಮ್ಸ್ ಥರದ ವೈದ್ಯಕೀಯ ಕಾಲೇಜಿನ ಡಾಕ್ಟರೊಬ್ಬರನ್ನು ಜೊತೆ ಮಾಡಿಕೊಂಡು ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡಿ. ಐಸಿಎಂಆರ್ 2023ರಲ್ಲಿ ಆರೋಗ್ಯ ಕ್ಷೇತ್ರದ ಎಐಗೆಂದೇ ಮಾರ್ಗಸೂಚಿ ತಂದಿದೆ, ಅರ್ಜಿ ಬರೆಯುವ ಮೊದಲು ಓದಿಕೊಳ್ಳಿ. ಮರೆವಿನ ರೋಗಿ ತಾವೇ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಆಗ ಕಾನೂನಿನ ಪ್ರಕಾರ ಅವರ ಪರವಾಗಿರುವವರು ಒಪ್ಪಬೇಕು. ಆದರೂ ರೋಗಿಗೆ ಅರ್ಥವಾಗುವ ಹಾಗೆ ಹೇಳಿ, ಅವರು ಬೇಡ ಅಂದರೆ ಬಿಟ್ಟುಬಿಡಿ.

ಡೈಕಾಮ್ ಫೈಲ್‌ನೊಳಗೆ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ಸಂಖ್ಯೆ ಇರುತ್ತವೆ. ಅವುಗಳನ್ನು ಆಸ್ಪತ್ರೆಯಲ್ಲೇ ಅಳಿಸಿಸಿ. ಅಷ್ಟೇ ಸಾಲದು. ತೆಳು ಸ್ಲೈಸ್‌ನ ಎಂಆರ್‌ಐನಿಂದ ಮುಖವನ್ನೇ ಮತ್ತೆ ಕಟ್ಟಬಹುದು. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು 84 ಜನರ ಎಂಆರ್‌ಐ ತೆಗೆದುಕೊಂಡು ಮುಖ ಗುರುತಿಸುವ ಸಾಫ್ಟ್‌ವೇರ್ ಓಡಿಸಿದಾಗ ಶೇಕಡಾ 83ರಷ್ಟು ಜನರ ಫೋಟೋ ಸರಿಯಾಗಿ ಹೊಂದಿತು. ಪೈಡಿಫೇಸ್‌ನಂಥ ಉಪಕರಣದಿಂದ ಮುಖದ ಭಾಗ ತೆಗೆಯಿರಿ.

ಮೂರನೆಯದು ಲೇಬಲ್. ಇದು ಬಹಳ ಮುಖ್ಯ, ಆದರೆ ಯಾರೂ ಗಮನ ಕೊಡುವುದಿಲ್ಲ. ಈ ಸ್ಕ್ಯಾನ್ ‘ಡಿಮೆನ್ಷಿಯಾ ಇರುವವರದ್ದು’ ಎಂದು ಹೇಳಿದವರು ಯಾರು, ಯಾವ ಪರೀಕ್ಷೆ ಮಾಡಿ? ಮಂಡ್ಯದ ಹಳ್ಳಿಯಲ್ಲಿ 75 ದಾಟಿದ ಎಷ್ಟೋ ಅಜ್ಜಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ‘ಒಂದು ವಾಕ್ಯ ಬರೆಯಿರಿ’, ‘100ರಿಂದ ಏಳೇಳು ಕಳೆಯಿರಿ’ ಎಂದು ಕೇಳಿ ಅಂಕ ಕಳೆದರೆ ಅದು ಅಕ್ಷರದ ಪರೀಕ್ಷೆಯಾಯಿತೇ ಹೊರತು ಮೆದುಳಿನದ್ದಲ್ಲ. ಐಸಿಎಂಆರ್ ಮಾಡಿಸಿದ ನ್ಯೂರೋಕಾಗ್ನಿಟಿವ್ ಟೂಲ್‌ಬಾಕ್ಸ್ ಕನ್ನಡದಲ್ಲಿದೆ. ಎಸಿಇ-3 ಪರೀಕ್ಷೆಯ ಕನ್ನಡ ರೂಪವೂ ಇದೆ. ಜೊತೆಗೆ ಮನೆಯವರ ಮಾತು ಬೇಕೇ ಬೇಕು. ಡೇರಿಗೆ ಹಾಕಿದ ಹಾಲಿನ ಲೆಕ್ಕ ತಪ್ಪುತ್ತಿದೆಯಾ, ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಾರಾ, ಗದ್ದೆಯಿಂದ ಮನೆಗೆ ಬರುವ ದಾರಿ ತಪ್ಪುತ್ತದಾ ಎಂದು ಸೊಸೆಯೋ ಮಗನೋ ಹೇಳಬಲ್ಲರು. ಲೇಬಲ್ ತಪ್ಪಿದ್ದರೆ ಯಾವ ಮಾಡೆಲೂ ಅದನ್ನು ಸರಿ ಮಾಡಲಾರದು.

ಇಂಥ ಕೆಲಸಕ್ಕೆ ನಮ್ಮ ನೆಲದಲ್ಲೇ ದಾರಿ ಇದೆ. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1966ರ ನಡುವೆ ಹುಟ್ಟಿದವರ ಹುಟ್ಟಿನ ದಾಖಲೆಗಳು ಉಳಿದಿದ್ದವು. ಆ ಮಕ್ಕಳನ್ನೇ ದೊಡ್ಡವರಾದ ಮೇಲೆ ಹುಡುಕಿ ಅವರ ಆರೋಗ್ಯ, ನೆನಪಿನ ಶಕ್ತಿ ಪರೀಕ್ಷಿಸಿದ ಮೈನಾ ಎಂಬ ಅಧ್ಯಯನ ನಡೆದಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಹಳ್ಳಿಯ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದ್ದಾರೆ. ಎರಡರ ಪ್ರಬಂಧಗಳನ್ನೂ ಓದಿ. ಜನರನ್ನು ಹೇಗೆ ಕೇಳಿದರು, ಹೇಗೆ ಪರೀಕ್ಷಿಸಿದರು ಎಂಬ ಭಾಗವನ್ನು ಎರಡು ಸಲ ಓದಿ.

ನಿಮಗೆ 30 ಸ್ಕ್ಯಾನ್ ಸಿಕ್ಕಿದರೂ ಸಾಕು. ಮಾಡೆಲ್‌ಗೆ ಅದನ್ನು ಕಲಿಸಬೇಡಿ. ಕಲಿತ ಮಾಡೆಲ್ ಅನ್ನು ಅದರ ಮೇಲೆ ಒಂದೇ ಸಲ ಓಡಿಸಿ, ಬಂದದ್ದನ್ನು ಬಂದ ಹಾಗೇ ಬರೆಯಿರಿ. ಅಂಕ ಇಳಿದರೆ ಎಷ್ಟು ಇಳಿಯಿತು, ಯಾರಲ್ಲಿ ಇಳಿಯಿತು ಎಂದು ಹೇಳಿ. ಮೈಸೂರಿನ ಜನರ ಮೇಲೆ ಬಂದ 65, ಅಮೆರಿಕದ ಸ್ಲೈಸ್‌ಗಳ ಮೇಲೆ ಬಂದ 99ಕ್ಕಿಂತ ನನಗೆ ಎಷ್ಟೋ ಹೆಚ್ಚು.

ಹಂತ 10: ಯಾರಾದರೂ ಸ್ಕ್ಯಾನ್ ಸಿಡಿ ತಂದು ಕೊಟ್ಟರೆ

ಪ್ರಾಜೆಕ್ಟ್ ಪ್ರದರ್ಶನದ ದಿನ ಇದು ಆಗುವ ಸಾಧ್ಯತೆ ಇದೆ. ‘ನಮ್ಮಮ್ಮನದ್ದು, ನಿಮ್ಮ ಎಐನಲ್ಲಿ ಸ್ವಲ್ಪ ನೋಡ್ತೀರಾ’ ಎಂದು ಕೇಳುತ್ತಾರೆ. ಓಡಿಸಬೇಡಿ. ನಿಮ್ಮದು ಪರವಾನಗಿ ಪಡೆದ ವೈದ್ಯಕೀಯ ಸಾಧನವಲ್ಲ. ಅದು ‘ಇಲ್ಲ’ ಎಂದರೆ ಅವರು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡಬಹುದು.

ಬದಲಿಗೆ ಕೂರಿಸಿ ಮಾತಾಡಿಸಿ. ಯಾವಾಗಿಂದ ಬದಲಾವಣೆ ಕಂಡಿತು, ಏನೇನು ಕಂಡಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಇತ್ತೀಚೆಗೆ ಬಿದ್ದಿದ್ದಾರಾ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲು ಹೇಳಿ. ಆ ಹಾಳೆ, ಸಿಡಿ ಮತ್ತು ಜೊತೆಗೇ ಇರುವ ಮನೆಯವರೊಬ್ಬರು, ಈ ಮೂರೂ ಇದ್ದರೆ ಡಾಕ್ಟರಿಗೆ ಬಹಳ ಸಹಾಯ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್‌ಗೆ ಹೋಗಿ ಮೆಡಿಸಿನ್ ಅಥವಾ ಮನೋವೈದ್ಯಕೀಯ ವಿಭಾಗದಲ್ಲಿ ಶುರು ಮಾಡಬಹುದು. ಅಲ್ಲಿಂದ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ದಿಢೀರ್ ಗೊಂದಲ, ಒಂದು ಕಡೆ ಕೈಕಾಲು ಸ್ವಾಧೀನ ಇಲ್ಲದಿರುವುದು, ಬಿದ್ದ ನಂತರ ಶುರುವಾದ ಮಂಪರು, ಇವುಗಳಲ್ಲಿ ಯಾವುದಿದ್ದರೂ ಓಪಿಡಿಗೆ ಕಾಯದೆ ಅವತ್ತೇ ತುರ್ತು ವಿಭಾಗಕ್ಕೆ ಹೋಗಲು ಹೇಳಿ. ಹಿರಿಯರ ಸಹಾಯವಾಣಿ 14567. ಈ ಸಂಖ್ಯೆಯನ್ನು ನಿಮ್ಮ ಪೋಸ್ಟರ್‌ನ ಮೇಲೂ ದೊಡ್ಡದಾಗಿ ಹಾಕಿ.